ಹಡಗಿಗೆ ಹಚ್ಚಿದ ಮೂಗು

ಗದಗಿನ ಪೌರಕಾರ್ಮಿಕರ ಓಣಿಯ ಹನ್ನೊಂದು ಜನರ ಮೂಗಿನೊಳಗಿಂದ ವಾಸನೆಯ ಪದರವನ್ನು ಕೆತ್ತಿ ತೆಗೆದು ‘ಸಾಗರಮಿತ್ರ’ ಎಂಬ ಹಡಗಿಗೆ ಹಚ್ಚಲಾಯಿತು. ಒಂದೇ ಹೊಳ್ಳೆಯಿಂದ ತೆಗೆಯುತ್ತೇವೆ ಎಂದಿದ್ದರು, ಎರಡರಿಂದಲೂ ತೆಗೆದರು. ಮತ್ತೆ ಬೆಳೆಯುತ್ತದೆ ಎಂದಿದ್ದರು, ಬೆಳೆಯಲಿಲ್ಲ. ಆಮೇಲೆ ಆ ಹನ್ನೊಂದು ಜನಕ್ಕೂ ಅದೇ ಹಡಗಿನಲ್ಲಿ ಟ್ಯಾಂಕಿನ ತಳದ ಕೊಳಕನ್ನು ಬಳಿದು ತೆಗೆಯುವ ಕೆಲಸ ಕೊಟ್ಟರು.

ಆಯುಧಪೂಜೆಯ ಬೆಳಿಗ್ಗೆ ಸಾಗರಮಿತ್ರ ನಿಂತುಹೋಯಿತು. ನಿಂತುಹೋಯಿತು ಎಂದರೆ ಸಾಗುವುದನ್ನು ಬಿಟ್ಟಿತು ಎಂದಲ್ಲ, ಅದು ಸಾಗುವ ಹಡಗೇ ಅಲ್ಲ. ಕಾರವಾರದಿಂದ ಪಶ್ಚಿಮಕ್ಕೆ, ದಡ ಕಾಣದಷ್ಟು ದೂರದ ಕಡಲಿನಲ್ಲಿ ದಪ್ಪ ಸರಪಳಿಗಳಿಂದ ಕಟ್ಟಿಹಾಕಿಸಿಕೊಂಡು ಹಗಲೂ ಇರುಳೂ ಒಂದೇ ಕಡೆ ಬಿದ್ದಿರುವ ಹಡಗು ಅದು. ಸಮುದ್ರದ ತಳಕ್ಕೆ ಕೊಳವೆ ಇಳಿಬಿಟ್ಟು ಎಣ್ಣೆ ಹೀರುವುದು ಅದರ ಕೆಲಸ. ಮೇಲೆ ಬರುವುದು ಬರೀ ಎಣ್ಣೆಯಲ್ಲ. ಎಣ್ಣೆಯ ಜೊತೆ ಅನಿಲ, ಉಪ್ಪುನೀರು, ಮರಳು, ಭೂಮಿಯ ಹೊಟ್ಟೆಯಲ್ಲಿ ಕೋಟ್ಯಂತರ ವರ್ಷ ಕೊಳೆತದ್ದೆಲ್ಲ ಬರುತ್ತದೆ. ಎಣ್ಣೆಯನ್ನು ಬೇರ್ಪಡಿಸಿ ಬೇರೆ ಹಡಗಿಗೆ ದಾಟಿಸುತ್ತಾರೆ. ಉಳಿದ ಕೊಳಕಿನಲ್ಲಿ ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ನೀರಿಗೆ ಹೋಗುತ್ತದೆ, ಎಲ್ಲಿಗೂ ಹೋಗಲಾರದ್ದು ಟ್ಯಾಂಕುಗಳ ತಳದಲ್ಲಿ ಕಪ್ಪು ಮಡ್ಡಿಯಾಗಿ ಕೂರುತ್ತದೆ. ಆ ಮಡ್ಡಿಯನ್ನು ಬಳಿಯುವುದಕ್ಕೆ ಮನುಷ್ಯರು ಇಳಿಯುತ್ತಾರೆ. ಯಾವ ಮನುಷ್ಯರು ಎಂದು ಕೇಳುವ ಅಗತ್ಯ ನಮ್ಮ ದೇಶದಲ್ಲಿ ಇಲ್ಲ.

ಹಡಗಿನ ಮುಖ್ಯಾಧಿಕಾರಿ ಮಕರಂದ ದೇಸಾಯಿ ಅಂದು ರೇಷ್ಮೆ ಪಂಚೆ ಉಟ್ಟು, ದೊಡ್ಡ ಪಂಪಿಗೆ ಚೆಂಡುಹೂವಿನ ಮಾಲೆ ಹಾಕಿ, ಒಂದು ಹಿಡಿ ಊದಿನಕಡ್ಡಿ ಹೊತ್ತಿಸಿ ಬೆಳಗಿದರು. ಹೊಗೆ ಸುರುಳಿ ಸುತ್ತಿ ಮೇಲಿನ ಕೊಳವೆಗೆ ತಾಗಿತು. ಕೊಳವೆಯ ಮೈಗೆ ಅಂಟಿಸಿದ್ದ ಗುಲಾಬಿ ಬಣ್ಣದ ತೆಳು ಪೊರೆ ಒಮ್ಮೆ ನಡುಗಿತು, ಸುಕ್ಕುಗಟ್ಟಿತು, ನೋಡನೋಡುತ್ತ ಬೇಯಿಸಿದ ಕುರಿ ಕಾಳಿಜದ ಕಂದು ಬಣ್ಣಕ್ಕೆ ತಿರುಗಿತು. ಆ ಸುಕ್ಕು ಕೊಳವೆಯಿಂದ ಕೊಳವೆಗೆ ಓಡಿತು. ಅದರ ಹಿಂದೆಯೇ ವಾಲ್ವುಗಳು ತಮ್ಮಷ್ಟಕ್ಕೆ ತಾವೇ ಧಡ್ ಧಡ್ ಎಂದು ಮುಚ್ಚಿಕೊಂಡವು. ಕ್ಷಣದಲ್ಲಿ ಹಡಗಿನ ಎದೆಬಡಿತ ನಿಂತು, ಅಲೆಗಳ ಸದ್ದು ಮಾತ್ರ ಉಳಿಯಿತು.

“ಸಾಹೇಬ್ರ ಪೂಜಿಗೆ ದೇವರು ಒಲದ್ನಪಾ! ಇಡೀ ಹಡಗಕ್ಕ ಸೂಟಿ ಕೊಟ್ಟಾನ,” ಎಂದು ಹಿಂದಿನಿಂದ ಪರಸು ಪಿಸುಗುಟ್ಟಿದ. ಟ್ಯಾಂಕು ಬಳಿಯುವವರ ಸಾಲಿನಲ್ಲಿ ಕಿಸಕ್ಕನೆ ನಗು ಹೊರಟಿತು.

“ಬಾಯಿ ಮುಚ್ಚಲೇ ಪರಸ್ಯಾ,” ಎಂದು ಅವನ ಅಕ್ಕ ಹುಲಿಗೆವ್ವ ಮೊಣಕೈಯಿಂದ ತಿವಿದಳು. ಆ ಗ್ಯಾಂಗಿನ ಮೇಸ್ತ್ರಿ ಅವಳೇ. ಆದರೆ ಅವಳ ತುಟಿಯ ಅಂಚೂ ಅಲುಗಿತ್ತು.

ಆ ಪೊರೆಗೆ ಕಾಗದಪತ್ರಗಳಲ್ಲಿ ‘ಘ್ರಾಣಪಟಲ’ ಎಂಬ ಹೆಸರಿತ್ತು. ಗ್ಯಾಂಗಿನವರು ಅದನ್ನು ತೊಗಲು ಎನ್ನುತ್ತಿದ್ದರು. ಅದು ಬಂದದ್ದಕ್ಕೊಂದು ಕತೆಯಿದೆ. ಹಡಗುಗಳೂ ಕಾರ್ಖಾನೆಗಳೂ ಗಾಳಿಗೆ ಎಷ್ಟು ವಿಷ ಬಿಡುತ್ತವೆಂದು ಅಳೆಯಲು ಹಿಂದೆ ಯಂತ್ರದ ಮೀಟರುಗಳಿದ್ದವು. ಅವುಗಳ ಕಿವಿ ಹಿಂಡಿ ಬೇಕಾದ ಅಂಕಿ ಹೇಳಿಸುವ ವಿದ್ಯೆ ಎಲ್ಲ ಕಂಪನಿಗಳಿಗೂ ಕರಗತವಾಗಿತ್ತು. ಮೀಟರು ಸೊನ್ನೆ ತೋರಿಸುತ್ತಿತ್ತು, ಊರಿನ ಮಕ್ಕಳು ಕೆಮ್ಮುತ್ತಿದ್ದವು. ಕೊನೆಗೆ ರಾಷ್ಟ್ರಗಳೆಲ್ಲ ಸೇರಿ ಗಾಳಿಯ ಒಪ್ಪಂದ ಮಾಡಿಕೊಂಡಾಗ, ಧಾರವಾಡದ ಡಾಕ್ಟರ್ ವಿಭಾ ಗಲಗಲಿ ಎಂಬ ವಿಜ್ಞಾನಿ ಎದ್ದು ನಿಂತು ಒಂದು ಮಾತು ಹೇಳಿದ್ದಳು: ‘ಯಂತ್ರಕ್ಕೆ ಸುಳ್ಳು ಕಲಿಸಬಹುದು, ಜೀವಕ್ಕೆ ಕಲಿಸಲಾಗದು. ಗಾಳಿಯನ್ನು ಅಳೆಯಲು ಮನುಷ್ಯನ ಮೂಗನ್ನೇ ಇಡೋಣ.’

ಮೂಗಿನ ಮೇಲ್ಭಾಗದಲ್ಲಿ, ಎರಡು ಹುಬ್ಬಿನ ನಡುವೆ ಒಳಗಡೆ, ಅಂಚೆಚೀಟಿಯಷ್ಟು ಅಗಲದ ಒಂದು ಪದರವಿದೆ. ನಾವು ಲೋಕವನ್ನು ಮೂಸುವುದು ಅದರಿಂದಲೇ. ಆ ಪದರದ ಕಣಗಳನ್ನು ಸಕ್ಕರೆನೀರಿನಲ್ಲಿ ಸಾಕಿ ಹಾಳೆ ಹಾಳೆಯಾಗಿ ಬೆಳೆಸುವ ದಾರಿಯನ್ನು ವಿಭಾ ಕಂಡುಹಿಡಿದಳು. ಮನುಷ್ಯನ ಮೂಗಿಗೆ ಸಿಗದ ಅನಿಲಗಳನ್ನೂ ಹಿಡಿಯುವಂತೆ ಅದನ್ನು ತಿದ್ದಿದಳು. ಆದರೆ ಬರೀ ಮೂಗು ವಾಸನೆಯನ್ನು ಹಿಡಿಯುತ್ತದೆಯೇ ಹೊರತು ಅದು ಸಹಿಸುವಂಥದೋ ಅಲ್ಲವೋ ಎಂದು ಹೇಳಲಾರದು. ಅದನ್ನು ಹೇಳಬೇಕಾದವನು ಮೂಗಿನ ಒಡೆಯ. ಹಾಗಾಗಿ ಪದರ ಕೊಟ್ಟವರನ್ನೇ ಕುರ್ಚಿಯಲ್ಲಿ ಕೂರಿಸಿ, ಹಣೆಗೊಂದು ಪಟ್ಟಿ ಕಟ್ಟಿ, ಒಂದೊಂದೇ ವಾಸನೆ ಬಿಟ್ಟು, ಅದೆಷ್ಟು ತ್ರಾಸವೆಂದು ಕೈಯಲ್ಲಿನ ತಿರುಗಣಿಯನ್ನು ಒಂದರಿಂದ ಹತ್ತರವರೆಗೆ ತಿರುಗಿಸಲು ಹೇಳಿದರು. ಅವರ ಕೈ ಹೇಳಿದ್ದನ್ನು ಪೊರೆ ಕಲಿಯಿತು. ಒಂದು ಎಂದರೆ ಸುಮ್ಮನಿರುವುದು, ಹತ್ತು ಎಂದರೆ ಮುದುಡಿಕೊಂಡು ಎಲ್ಲ ವಾಲ್ವುಗಳನ್ನು ಮುಚ್ಚುವುದು. ಪೊರೆ ಸುಮ್ಮನಿದ್ದರೆ ಗಾಳಿ ಶುದ್ಧ ಎಂದು ಕಾನೂನಾಯಿತು. ಹಳೆಯ ಮೀಟರುಗಳನ್ನು ಬಿಚ್ಚಿ ಗುಜರಿಗೆ ಹಾಕಿದರು.

ಮೂಗು ಕೊಡುತ್ತೀರಾ ಎಂದು ಮೊದಲು ಕಾಲೇಜಿನ ಹುಡುಗರನ್ನು ಕೇಳಿದ್ದರು. ಅವರು ಮೂಗು ಹಿಡಿದುಕೊಂಡು ನಕ್ಕರು. ಹುಲಿಗೆವ್ವನ ಓಣಿಯಲ್ಲಿ ಯಾರೂ ನಗಲಿಲ್ಲ. ‘ನೆಲದ ಗಟಾರದ ಗುಂಡಿಗೆ ಇಳಿಯೂದು ತಪ್ಪತದ, ಹಡಗಿನ ನೌಕರಿ ಸಿಗತದ’ ಎಂದಿದ್ದರು. ನೆಲದ ಗುಂಡಿ ತಪ್ಪಿತು, ನಿಜ. ಟ್ಯಾಂಕು ನೀರಿನ ಮೇಲಿತ್ತು.

ವಾಲ್ವುಗಳು ಮುಚ್ಚಿಕೊಂಡ ಮೇಲೆ ದೇಸಾಯಿಯವರ ಮುಖ ಊದಿನಕಡ್ಡಿಯ ಬೂದಿಯ ಬಣ್ಣಕ್ಕೆ ಬಂದಿತ್ತು. “ಯಾರ ಮೂಗೋ ಇದು, ಶನಿ! ದೇವರ ಹೊಗಿಗೆ ಸಾಯತದ!” ಎಂದು ಅರಚಿದರು. ಹನ್ನೊಂದು ಜನಕ್ಕೂ ಕಾರಣ ಗೊತ್ತಿತ್ತು. ಅವರ ಓಣಿಯಲ್ಲಿ ದೇವರ ಮುಂದೆ ಒಂದೇ ಕಡ್ಡಿ ಹಚ್ಚುತ್ತಾರೆ. ಕಟ್ಟು ಕಟ್ಟಾಗಿ ಹಚ್ಚುವುದು ಗುಂಡಿಗೆ ಇಳಿದವನನ್ನು ಮೇಲೆತ್ತಿ ತಂದು ಅಂಗಳದಲ್ಲಿ ಮಲಗಿಸಿದಾಗ ಮಾತ್ರ. ಮಡ್ಡಿ ಮೆತ್ತಿದ ಹೆಣವನ್ನು ಎಷ್ಟು ತೊಳೆದರೂ ಸಾಲದು, ಹೊಗೆ ಹಾಕಲೇಬೇಕು. ಕುರ್ಚಿಯಲ್ಲಿ ಕೂತ ದಿನ ಆ ವಾಸನೆ ಬಂದಾಗ ಹನ್ನೊಂದು ಕೈಗಳೂ ತಾವಾಗಿಯೇ ಹತ್ತಕ್ಕೆ ತಿರುಗಿದ್ದವು.

ಒಪ್ಪಂದದ ಪರಿವೀಕ್ಷಕರು ಬರುವ ವಾರವದು. ಹಡಗು ಹೀಗೆ ಊದಿನಕಡ್ಡಿಗೆ ನಿಂತರೆ ನಗೆಪಾಟಲು. ದೇಸಾಯಿ ತಡಮಾಡದೆ ವಿಭಾಳಿಗೆ ಹೇಳಿ ಕಳಿಸಿದರು. ಮರುದಿನ ಮಧ್ಯಾಹ್ನ ಹೆಲಿಕಾಪ್ಟರಿನಲ್ಲಿ ಬಂದಿಳಿದ ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, “ಹುಲಿಗೆವ್ವ, ಆರಾಮ ಇದ್ದೀರೇನ್ರಿ? ಬರ್ರಿ, ಒಂದೀಟು ಕುರ್ಚಿ ಮ್ಯಾಲ ಕೂಡೂಣು,” ಎಂದಳು. ಅವಳು ಕೆಟ್ಟ ಹೆಂಗಸಲ್ಲ. ಗ್ಯಾಂಗಿನವರನ್ನು ರೀ ಹಚ್ಚಿ ಮಾತಾಡಿಸುತ್ತಿದ್ದವಳು ಆ ಹಡಗಿನಲ್ಲಿ ಅವಳೊಬ್ಬಳೇ.

ಹುಲಿಗೆವ್ವ ಓಡುವಂತೆ ಹೋದಳು. ಆ ಕುರ್ಚಿ ಎಂದರೆ ಅವಳಿಗೆ ಒಳಗೊಳಗೆ ಆಸೆ. ಹಣೆಗೆ ಪಟ್ಟಿ ಕಟ್ಟಿದಾಗ ಪೊರೆ ಮೂಸಿದ್ದೆಲ್ಲ ತಂತಿಯ ಮೂಲಕ ಅವಳ ಮಿದುಳಿಗೆ ಹರಿಯುತ್ತಿತ್ತು. ಉಳಿದ ದಿನಗಳಲ್ಲಿ ಅವಳಿಗೆ ಅನ್ನವೂ ಒಂದೇ, ಒದ್ದೆ ರಟ್ಟೂ ಒಂದೇ. ಊರಿಗೆ ಹೋದಾಗ ತಂಗಿಯ ಕೂಸನ್ನು ಎತ್ತಿಕೊಂಡು ನೆತ್ತಿ ಮೂಸಿ, ಏನೂ ಹತ್ತದೆ, ಗೊಂಬೆ ಎತ್ತಿದಂತಾಗಿ ಕೆಳಗಿಳಿಸಿದ್ದಳು.

ಪಟ್ಟಿ ಕಟ್ಟಿದರು. ಮೊದಲು ಉಪ್ಪು ಬಂತು, ತುಕ್ಕು ಬಂತು, ಅಡುಗೆಮನೆಯಿಂದ ಉಳ್ಳಾಗಡ್ಡಿ ಒಗ್ಗರಣೆ ಬಂತು. ಅವಳು ಕಣ್ಣು ಮುಚ್ಚಿ ಹಡಗಿನ ತುಂಬ ಅಲೆದಳು. ಎಡಗಡೆ ಕೆಳಗೆ, ಮಡ್ಡಿ ಟ್ಯಾಂಕಿನ ಬಾಯಿಯ ಹತ್ತಿರ ಬೆವರು ಮತ್ತು ಎಲಿ ಅಡಿಕಿ. ಪರಸು! ಕದ್ದು ತಂದು ತಿನ್ನುತ್ತಾನೆ ಭಾಡ್ಯಾ. ಅವಳಿಗೆ ನಗು ಬಂತು. ಹುಡುಗನಾಗಿದ್ದಾಗ ಕೌದಿಯಲ್ಲಿ ಅವಳ ಪಕ್ಕಕ್ಕೆ ಮುದುಡಿ ಮಲಗುತ್ತಿದ್ದವನ ಮೈವಾಸನೆಯೇ ಅದು, ಅಡಿಕಿಯೊಂದು ಕೂಡಿಕೊಂಡಿದೆ.

“ನೋಡ್ರಿ, ಇದು ದೇವರ ವಾಸನಿ. ಇದಕ್ಕ ಹತ್ತು ಕೊಟ್ಟರ ಹ್ಯಾಂಗ? ಸ್ವಲ್ಪ ಇಳಸ್ರಿ,” ಎಂದು ವಿಭಾ ಊದಿನಕಡ್ಡಿಯ ಹೊಗೆ ತುಂಬಿದ ಬಾಟಲಿಯ ಬಿರಡೆ ತೆಗೆದಳು. ಹುಲಿಗೆವ್ವನಿಗೆ ಅಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದು ಕಣ್ಣ ಮುಂದೆ ಬಂತು. ಆದರೂ ಹೇಳಿದವರು ದೊಡ್ಡವರು. ಹತ್ತರಿಂದ ಏಳು, ಏಳರಿಂದ ನಾಲ್ಕು, ನಾಲ್ಕರಿಂದ ಎರಡು. ಮತ್ತೆ ಮತ್ತೆ ಬಾಟಲಿ ತೆರೆದರು, ಮತ್ತೆ ಮತ್ತೆ ಅವಳು ಎರಡಕ್ಕೇ ತಿರುಗಿಸಿದಳು. ಗಾಜಿನಾಚೆ ತೂಗುಹಾಕಿದ್ದ ಪೊರೆಯ ತುಣುಕು ಸಂಜೆಯ ಹೊತ್ತಿಗೆ ಊದಿನಕಡ್ಡಿಗೆ ನಡುಗುವುದನ್ನು ಬಿಟ್ಟಿತು.

“ಭಾಳ ಛಲೋ ಆತು. ಉಳದವ್ನೂ ಒಮ್ಮೆ ನೋಡಿಬಿಡೂಣು,” ಎಂದು ವಿಭಾ ಇನ್ನೊಂದು ಬಾಟಲಿ ತೆಗೆದಳು.

ಕೊಳೆತ ಮೊಟ್ಟೆಯ ವಾಸನೆ. ಮಡ್ಡಿಯನ್ನು ಕಲಕಿದಾಗ ಏಳುವ ಗಾಳಿ ಇದೇ. ಇದರ ಗುಣವೊಂದು ವಿಚಿತ್ರ. ಸ್ವಲ್ಪವಿದ್ದರೆ ವಿಪರೀತ ನಾರುತ್ತದೆ; ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ, ನಾತ ನಿಂತುಹೋಗುತ್ತದೆ; ಆಮೇಲೆ ಮನುಷ್ಯನನ್ನು ಕೊಲ್ಲುತ್ತದೆ. ಹುಲಿಗೆವ್ವನ ಕಣ್ಣಿನಿಂದ ನೀರು ದಳದಳ ಇಳಿಯಿತು, ಪರದೆಯ ಮೇಲೆ ಅವಳ ಎದೆಬಡಿತದ ಗೆರೆ ಕುದುರೆಯಂತೆ ನೆಗೆಯಿತು. ಕೈ ಮಾತ್ರ ತಿರುಗಣಿಯನ್ನು ಒಂದಕ್ಕೆ ತಂದು ನಿಲ್ಲಿಸಿತು.

ವಿಭಾ ಪರದೆಯನ್ನು ನೋಡಿದಳು, ಕೈಯನ್ನು ನೋಡಿದಳು. ಮತ್ತೆ ಪರದೆ ನೋಡಿದಳು.

“ಹುಲಿಗೆವ್ವ, ಕಣ್ಣಾಗ ನೀರು ಬರಲಿಕ್ಕತ್ತಾವಲ್ರಿ.”

“ಬರ್ತಾವ್ರಿ.”

“ಮತ್ತ ಒಂದು ಅಂತ ಇಟ್ಟೀರಿ? ಇದು ನಾರೂದಿಲ್ಲೇನು?”

ಹುಲಿಗೆವ್ವ ಯಾರೋ ಕೆಟ್ಟ ಮಾತಾಡಿದಂತೆ ತಲೆ ತಗ್ಗಿಸಿದಳು. “ಹಂಗನ್ನಬಾರದ್ರಿ ಅಕ್ಕಾರ.”

“ಯಾಕ?”

“ನಮ್ಮೊಳಗ ಅದು ಇಲ್ರಿ. ನಮ್ಮಪ್ಪ ಗುಂಡ್ಯಾಗಿಂದ ಎದ್ದು ಬಂದು ಊಟಕ್ಕ ಕುಂತಾಗ ನಾ ಒಮ್ಮೆ ಮೂಗ ಮುಚ್ಚಿದ್ನಿರಿ, ಸಣ್ಣಾಕಿ. ನಮ್ಮವ್ವ ಬಾಯಿ ಬಾಯಿ ಬಡದ್ಲು. ‘ಅವನ ಮೈ ನಾರ್ತೈತಿ ಅಂದ್ರ ಅವ ತಂದ ರೊಟ್ಟಿನೂ ನಾರ್ತೈತಿ, ತಿನಬ್ಯಾಡ’ ಅಂದ್ಲು. ಅವತ್ತಿಂದ ಕೈ ಮೂಗಿಗಿ ಹೋಗಿಲ್ಲ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. “ನಮ್ಮ ಓಣ್ಯಾಗ ವರಾ ನೋಡೂದು ಹೆಂಗ ಗೊತ್ತೇನ್ರಿ? ಗಟಾರದ ದಂಡಿ ಗುಂಟ ಕರಕೊಂಡು ಹೋಗ್ತೀವಿ. ಮೂಗ ಮುಚ್ಚಿದಾ ಅಂದ್ರ ಮುಗೀತು, ಚಾ ಕುಡಿಸಿ ಕಳಸೂದು. ಅಂಥಾವ್ಗ ಹೆಣ್ಣು ಕೊಡೂದಿಲ್ಲ.”

“ಆದರ ನಾ ಕೇಳಿದ್ದು ಎಷ್ಟು ತ್ರಾಸ ಆಗತದ ಅಂತ...”

“ತ್ರಾಸಂತ ಹೇಳಿದ್ರ ನಾಳಿ ಕೆಲಸಕ್ಕ ಕರಿಯೂದಿಲ್ಲಲ್ರಿ ಯಾರೂ. ಅದೂ ಐತಿ.”

“ಹನ್ನೊಂದೂ ಮಂದಿ ಹಿಂಗ ಮಾಡೀರೇನು?”

“ಹನ್ನೊಂದೂ ಮಂದಿ ಒಂದ ಓಣಿಯವರಲ್ಲೇನ್ರಿ ಮತ್ತ.”

ವಿಭಾ ಬಾಟಲಿಗೆ ಬಿರಡೆ ಹಾಕಿದಳು. ಜೀವಕ್ಕೆ ಸುಳ್ಳು ಕಲಿಸಲಾಗದು ಎಂದು ಲೋಕಕ್ಕೆಲ್ಲ ಹೇಳಿದವಳು ಅವಳು. ಇಲ್ಲಿ ಸುಳ್ಳೂ ಇರಲಿಲ್ಲ. ಅಪ್ಪನ ಮುಂದೆ ಮೂಗು ಮುಚ್ಚಬಾರದೆಂಬ ಮರ್ಯಾದೆಯಿತ್ತು, ನೌಕರಿ ಹೋದೀತೆಂಬ ಅಂಜಿಕೆಯಿತ್ತು. ಪೊರೆ ಎರಡನ್ನೂ ಶ್ರದ್ಧೆಯಿಂದ ಕಲಿತುಕೊಂಡಿತ್ತು.

ಅಷ್ಟರಲ್ಲಿ ದೇಸಾಯಿ ಬಾಗಿಲು ತಳ್ಳಿಕೊಂಡು ಬಂದರು. “ಏನಾತ್ರೀ ಡಾಕ್ಟರ? ಊದಿನಕಡ್ಡಿ ಕಥಿ ಮುಗೀತೋ ಇಲ್ಲೋ?”

ಇಬ್ಬರೂ ಹುಲಿಗೆವ್ವನ ಎದುರಿನಲ್ಲೇ ಮಾತಿಗೆ ನಿಂತರು. ಕುರ್ಚಿಯ ಎದುರು, ಗೋಡೆಯ ಎದುರು ಮಾತಾಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲವಷ್ಟೆ.

“ಪಟಲ ವಿಷಗಾಳಿಗೆ ಸುಮ್ಮನಿರ್ತದ ದೇಸಾಯರ. ಮೊದಲಿಂದ ಕಲಿಸಬೇಕು. ಅಲ್ಲೀತನಕ ಯಾರನ್ನೂ ಟ್ಯಾಂಕಿನಾಗ ಇಳಸಬ್ಯಾಡ್ರಿ.”

“ಪರಿವೀಕ್ಷಕರು ಬರೋದ್ರಾಗ ಟ್ಯಾಂಕು ಖಾಲಿ ಆಗಬೇಕು. ಮತ್ತ ನೀವು ಹೇಳೂದು ಕಾನೂನಿನ ಪ್ರಕಾರ ತಪ್ಪು. ಪಟಲ ಸುಮ್ಮನಿದ್ದರ ಗಾಳಿ ಶುದ್ಧ. ಕಾನೂನು ಬರಸಿದವರು ನೀವ.”

“ಮುಖವಾಡನಾದರೂ ಕೊಡ್ರಿ ಅವರಿಗೆ.”

“ಗಾಳಿ ಶುದ್ಧ ಇದ್ದಾಗ ಮುಖವಾಡ ಯಾಕ ಕೊಟ್ಟ್ರಿ ಅಂತ ನಾಳೆ ಕೇಳಿದರ?” ದೇಸಾಯಿ ದನಿ ತಗ್ಗಿಸಿದರು. “ನಿಮ್ಮ ಪಟಲ ಎಷ್ಟು ಕಡೆ ಅದ ಈಗ? ಒಂದು ಕಡೆ ಖೋಟಾ ಅಂದರ ಎಲ್ಲಾ ಕಡೆ ಖೋಟಾ. ನಿಮ್ಮ ಹೆಸರೂ ಹೋತು. ಪರಿವೀಕ್ಷಣೆ ಒಂದು ಮುಗೀಲಿ.”

ವಿಭಾ ಕಿಟಕಿಯಾಚೆಯ ಕಡಲನ್ನು ನೋಡುತ್ತ ನಿಂತಳು. ಹುಲಿಗೆವ್ವ ಅವಳ ಬೆನ್ನನ್ನೇ ನೋಡುತ್ತಿದ್ದಳು. ಪಟಲ ಸುಮ್ಮನಿರುತ್ತದೆ ಎಂದರೇನು, ಪರಸುವಿಗೆ ಹೇಳಬೇಕು, ಇವರ ಮಾತು ಮುಗಿಯಲಿ, ಎದ್ದು ಹೋಗಿ ಹೇಳಬೇಕು ಎಂದು ಅಂದುಕೊಳ್ಳುತ್ತಿದ್ದಳು. ದೊಡ್ಡವರ ಮಾತಿನ ನಡುವೆ ಎದ್ದು ಹೋಗಿ ಅವಳಿಗೆ ರೂಢಿಯಿರಲಿಲ್ಲ. ಹಣೆಯ ಪಟ್ಟಿ ಇನ್ನೂ ಹಾಗೇ ಇತ್ತು. ಮೊಟ್ಟೆಯ ನಾತ ಇನ್ನೂ ಬರುತ್ತಿತ್ತು. ಇನ್ನೂ ಗಾಢವಾಗಿ ಬರುತ್ತಿತ್ತು.

“ಅಕ್ಕಾರ, ಬಾಟ್ಲಿ ಮುಚ್ಚೀರೇನ್ರಿ?”

“ಆಗಲೇ ಮುಚ್ಚೇನಲ್ರಿ,” ಎಂದಳು ವಿಭಾ ತಿರುಗದೆ. ಆಮೇಲೆ ದೇಸಾಯಿಗೆ, “ಸರಿ. ಪರಿವೀಕ್ಷಣೆ ಮುಗೀಲಿ,” ಎಂದಳು.

ಆಗ ನಾತ ಫಕ್ಕನೆ ನಿಂತಿತು. ದೀಪ ಆರಿದಂತೆ. ಕೆಳಗೆ ಎಡಗಡೆಯಿಂದ ಬರುತ್ತಿದ್ದ ಬೆವರು, ಅಡಿಕಿ, ಮಡ್ಡಿ, ಎಲ್ಲ ಒಂದೇ ಏಟಿಗೆ ಇಲ್ಲವಾದವು. ಹುಲಿಗೆವ್ವನಿಗೆ ಒಂದು ಕ್ಷಣ ಹಾಯೆನಿಸಿತು. ಮರುಕ್ಷಣ ಅವಳಿಗೆ ಹೊಳೆಯಿತು. ಟ್ಯಾಂಕಿನ ಬಾಯಲ್ಲೂ ಒಂದು ತೊಗಲಿನ ಪಟ್ಟಿ ತೂಗುಬಿಟ್ಟಿರುತ್ತಾರೆ. ಬಾಟಲಿ ಮುಚ್ಚಿದ ಮೇಲೆ ಅವಳು ಮೂಸುತ್ತಿದ್ದದ್ದು ಟ್ಯಾಂಕಿನ ಗಾಳಿಯನ್ನು.

ಹಣೆಯ ಪಟ್ಟಿಯನ್ನು ಕಿತ್ತೆಸೆದು ಎದ್ದಾಗ ಅವಳು ಕಂಡದ್ದು ತನ್ನ ಬಲಗೈಯನ್ನು. ಅಷ್ಟೂ ಹೊತ್ತು ಅದು ತಿರುಗಣಿಯ ಮೇಲೇ ಇತ್ತು. ಒಂದರ ಮೇಲೆ.

ಅವಳು ಏಣಿಯ ಮೆಟ್ಟಿಲಿಳಿದು ಓಡುವ ಹೊತ್ತಿಗೆ ಗಾಳೆಪ್ಪ ಮಾವ ಟ್ಯಾಂಕಿನ ಬಾಯಲ್ಲಿ ಮೊಣಕಾಲೂರಿ ಹಗ್ಗ ಜಗ್ಗುತ್ತಿದ್ದ. ಗ್ಯಾಂಗಿಗೆಲ್ಲ ಹಿರಿಯ ಅವನು, ಹಗ್ಗ ಹಿಡಿಯುವುದು ಅವನ ಕೆಲಸ. “ಈಗ ಮಾತಾಡಿದ್ನ ಬೇ, ಈಗ! ‘ಮಾವಾ, ಕೆಳಗ ತಂಪೈತಿ, ಮಕ್ಕೊಂಡ್ ಬಿಡ್ಲೇನು’ ಅಂದಾ. ನಗಚಾಟ್ಲಿ ಅಂದ್ಕೊಂಡ್ನಿ,” ಎಂದು ಅಳುತ್ತಿದ್ದ. ಎಲ್ಲರೂ ಕೂಡಿ ಎಳೆದರು. ಮಡ್ಡಿ ಮೆತ್ತಿದ ಪರಸು ಮೇಲೆ ಬಂದ. ಅವನ ಮೂಗಿನಲ್ಲಿ ವಾಸನೆ ಹಿಡಿಯುವ ಪದರ ಇರಲಿಲ್ಲ, ಮುಖಕ್ಕೆ ಮುಖವಾಡ ಇರಲಿಲ್ಲ, ಎದೆಯಲ್ಲಿ ಉಸಿರಿರಲಿಲ್ಲ. ಅವನ ತಲೆಯ ಮೇಲೆ ತೂಗುತ್ತಿದ್ದ ತೊಗಲಿನ ಪಟ್ಟಿ ಮಾತ್ರ ಎಣ್ಣೆ ಹಚ್ಚಿ ಮೀಯಿಸಿದ ಕೂಸಿನ ಕೆನ್ನೆಯಂತೆ ನುಣ್ಣಗೆ, ಗುಲಾಬಿಯಾಗಿ, ಒಂದು ಸುಕ್ಕೂ ಇಲ್ಲದೆ ಹೊಳೆಯುತ್ತಿತ್ತು.

ವರದಿ ಸಿದ್ಧವಾಗಲು ಹೊತ್ತು ಹಿಡಿಯಲಿಲ್ಲ. ಘ್ರಾಣಪಟಲ ಶಾಂತವಾಗಿತ್ತು, ಆದ್ದರಿಂದ ಗಾಳಿ ಶುದ್ಧವಾಗಿತ್ತು, ಆದ್ದರಿಂದ ಪರಸಪ್ಪ ಸತ್ತದ್ದು ಹೃದಯ ನಿಂತು. ಹೃದಯ ನಿಲ್ಲದೆ ಯಾರಾದರೂ ಸಾಯುತ್ತಾರೆಯೇ? ವರದಿಯಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಮರುದಿನ ದಡಕ್ಕೆ ಒಯ್ಯುವ ಹೆಲಿಕಾಪ್ಟರಿಗಾಗಿ ಕಾಯುತ್ತ ಪರಸುವನ್ನು ಡೆಕ್ಕಿನ ಮೇಲೆ ಮಲಗಿಸಿದ್ದರು. ಗಾಳೆಪ್ಪ ದೇಸಾಯಿಯವರ ಪೂಜೆಯ ಉಳಿದ ಊದಿನಕಡ್ಡಿ ಕೇಳಿ ತಂದು ಕಟ್ಟು ಕಟ್ಟಾಗಿ ಹೊತ್ತಿಸಿದ. ಹೊಗೆ ಎದ್ದು ಕೊಳವೆಗಳಿಗೆ ತಾಗಿತು. ಹುಲಿಗೆವ್ವ ತಲೆಯೆತ್ತಿ ನೋಡಿದಳು. ತೊಗಲು ನಡುಗಲಿಲ್ಲ. ಸತ್ತವರಿಗಾಗಿ ಮುದುಡುವುದನ್ನು ನಿನ್ನೆ ಸಂಜೆ ತಾನೇ ಕೂತು ಬಿಡಿಸಿದ್ದಳು. ಪಂಪುಗಳು ಎಂದಿನಂತೆ ಬಡಿದುಕೊಳ್ಳುತ್ತಿದ್ದವು.

ಅವಳು ತಮ್ಮನೊಂದಿಗೆ ದಡಕ್ಕೆ ಹೋಗಲಿಲ್ಲ, ದೇಸಾಯಿ ಹೋಗಗೊಡಲಿಲ್ಲ. ಪರಿವೀಕ್ಷಕರ ಎದುರು ಪೊರೆಯ ನವೀಕರಣ ಆಗಬೇಕಿತ್ತು. ಪದರ ಕೊಟ್ಟವರಲ್ಲಿ ಒಬ್ಬರು ಕೂತು ಪ್ರತಿ ವಾಸನೆಗೂ ಅಂಕಿ ಕೊಟ್ಟು, ಹಿಂದೆ ಕಲಿಸಿದ್ದು ಸರಿಯಿದೆಯೆಂದು ತೋರಿಸಬೇಕು. ಎದೆಬಡಿತದ ಗೆರೆ ಆಗ ಪರಿವೀಕ್ಷಕರಿಗೆ ಕಾಣುವುದಿಲ್ಲ. ಕಾನೂನು ಕೇಳುವುದು ಕೈಯನ್ನು ಮಾತ್ರ. ಮೇಸ್ತ್ರಿಯಾದ್ದರಿಂದ ಹುಲಿಗೆವ್ವನೇ ಕೂರಬೇಕೆಂದು ದೇಸಾಯಿ ಗೊತ್ತುಮಾಡಿದ್ದರು.

“ಆದದ್ದು ಆತು. ನನಗೂ ಸಂಕಟ ಅದ,” ಎಂದರು ದೇಸಾಯಿ. “ನಾಳೆ ಮೊಟ್ಟಿ ವಾಸನಿ ಬಿಟ್ಟಾಗ ಮೊದಲಿನಂಗ ಒಂದು. ತಿಳೀತಿಲ್ಲೋ? ನೀ ಏನರೆ ಹೆಚ್ಚು ಕಡಿಮಿ ಮಾಡಿದಿ ಅಂದರ ಪಟಲ ರದ್ದು, ಹಡಗ ಬಂದ್, ನಿಮ್ಮ ಹತ್ತೂ ಮನಿ ಬೀದಿಗೆ. ಆಮ್ಯಾಲ ಅವರ ನಿನ್ನ ಬೈತಾರ, ನನ್ನಲ್ಲ.”

ಅವಳ ಮೌನವನ್ನು ದೇಸಾಯಿ ಎಂದಿನ ಒಪ್ಪಿಗೆ ಎಂದೇ ತಿಳಿದು ಹೋದರು.

ಬೆಳಿಗ್ಗೆ ಹಣೆಗೆ ಪಟ್ಟಿ ಕಟ್ಟಲು ಬಂದ ವಿಭಾಳ ಕಣ್ಣು ಬಾತಿದ್ದವು. ಅವಳು ಮೆಲ್ಲಗೆ, “ಹುಲಿಗೆವ್ವ, ನಿಮಗೊಂದು ಗೊತ್ತಿರಬೇಕು. ಈ ಪಟಲ ಇಲ್ಲಿ ಒಂದ ಇಲ್ಲ,” ಎಂದಳು.

“ಮತ್ತೆಲ್ಲಿ ಐತ್ರಿ?”

“ನಿಮ್ಮ ಹನ್ನೊಂದು ಮಂದಿ ಕಣದಿಂದ ಬೆಳಸಿದ್ದು... ಎಲ್ಲಾ ಎಣ್ಣಿ ಹಡಗಿನ ಮ್ಯಾಲೂ ಅದ. ಸಕ್ಕರಿ ಕಾರ್ಖಾನಿ, ಬಣ್ಣದ ಕಾರ್ಖಾನಿ, ಊರ ಹೊರಗಿನ ಕಸದ ಗುಡ್ಡ, ಬೆಂಗಳೂರಿನ ಒಳಚರಂಡಿ. ಎಲ್ಲಾ ಒಂದಕ್ಕೊಂದು ಕೂಡಿಕೊಂಡಾವ. ಇಲ್ಲಿ ನೀವು ಏನ ಹೇಳ್ತೀರೋ ಎಲ್ಲಾ ಕಡೆ ಅದ ಕಲೀತದ.”

“ಹಂಗಾರ ದೇಶದಾಗ ಗುಂಡಿಗಿ ಇಳಿಯೋರೆಲ್ಲಾ ನಮ್ಮ ಮೂಗು ನೋಡಿ ಇಳಿಯಾಕತ್ತಾರು?”

ವಿಭಾ ಹೌದೆಂದು ತಲೆಯಾಡಿಸಿದಳು.

ಹುಲಿಗೆವ್ವನಿಗೆ ಅಜ್ಜ ನೆನಪಾದ. ಮನುಷ್ಯನನ್ನು ಗುಂಡಿಗಿಳಿಸಬಾರದೆಂದು ಅವಳ ಅಜ್ಜನ ಕಾಲದಲ್ಲೇ ಕಾನೂನಾಗಿತ್ತಂತೆ. ಅಜ್ಜ ಆ ಸುದ್ದಿಯನ್ನು ಪೇಪರಿನಲ್ಲಿ ಓದಿಸಿ ಕೇಳಿ, ಪೇಪರನ್ನು ಮಡಚಿ ರೊಟ್ಟಿ ಕಟ್ಟಿಕೊಂಡು, ಅಂದು ಮಧ್ಯಾಹ್ನವೇ ಗುಂಡಿಗಿಳಿದಿದ್ದ. ಆಗ ಈ ತೊಗಲು ಇರಲಿಲ್ಲ, ಡಾಕ್ಟರ್ ವಿಭಾ ಹುಟ್ಟಿರಲಿಲ್ಲ. ಗುಂಡಿಯ ಬಾಯಲ್ಲಿ ಬಿಳಿ ಅಂಗಿಯವನೊಬ್ಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತು, ‘ಏನೂ ಆಗೂದಿಲ್ಲ, ಇಳಿ’ ಎನ್ನುತ್ತಿದ್ದ. ದಾರಿಹೋಕರು ತಮ್ಮ ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟುತ್ತಿದ್ದರು. ಅಷ್ಟು ಜನ ಮೂಗು ಮುಚ್ಚಿಕೊಂಡಿದ್ದರು. ಆ ಗಾಳಿ ಕೆಟ್ಟದ್ದೆಂದು ತಿಳಿಯಲು ಆಗ ಯಾವ ವಿಜ್ಞಾನ ಬೇಕಿತ್ತು?

“ಏನು ಮಾಡ್ಲಿ, ನೀವ ಹೇಳ್ರಿ ಅಕ್ಕಾರ.”

“ನಾ ಏನು ಹೇಳ್ಲಿ...”

“ನೀವ ಹೇಳಬೇಕಲ್ರಿ. ನಿಮಗ ಮೂಗು ಐತಿ.”

ವಿಭಾ ಪಟ್ಟಿಯ ಗುಂಡಿ ಹಾಕಿ, ಗಾಜಿನಾಚೆ ಹೋಗಿ ನಿಂತಳು. ಅಲ್ಲಿ ದೇಸಾಯಿಯವರಿದ್ದರು. ಅವರ ಪಕ್ಕ ಒಪ್ಪಂದದ ಪರಿವೀಕ್ಷಕಿ, ಬೇರೆ ದೇಶದವಳು, ಕಿವಿಗೆ ಮಾತು ಅನುವಾದಿಸುವ ಯಂತ್ರ ಸಿಕ್ಕಿಸಿಕೊಂಡು ನಿಂತಿದ್ದಳು. ಒಂದೊಂದಾಗಿ ವಾಸನೆ ಬಿಟ್ಟರು. ಬಣ್ಣದ ಎಣ್ಣೆ, ಸುಟ್ಟ ರಬ್ಬರು, ಫಿನೈಲು. ಹುಲಿಗೆವ್ವನ ಕೈ ಮೊದಲು ಹೇಳಿದ್ದನ್ನೇ ಹೇಳುತ್ತ ಹೋಯಿತು. ಪರಿವೀಕ್ಷಕಿ ಪ್ರತಿ ಸಲವೂ ಮೆಚ್ಚಿ ತಲೆದೂಗಿದಳು.

ಕೊಳೆತ ಮೊಟ್ಟೆ ಬಂತು.

ಅವಳ ಕಣ್ಣಿನಿಂದ ನೀರಿಳಿಯಿತು. ಕೈ ಹಳೆಯ ರೂಢಿಯಂತೆ ಒಂದರ ಕಡೆಗೆ ಜಾರಿ ಅಲ್ಲೇ ನಿಂತಿತು. ದೇಸಾಯಿ ಉಸಿರು ಬಿಟ್ಟರು. ಅವ್ವನ ಏಟು ಕೆನ್ನೆಗೆ ಬಿದ್ದ ಹಾಗೆ ಹುಲಿಗೆವ್ವನ ಮುಖ ಒಮ್ಮೆ ಹೊರಳಿತು. ಆಮೇಲೆ ಅವಳು ತಿರುಗಣಿಯನ್ನು ಗಟ್ಟಿಯಾಗಿ ಹಿಡಿದು, ತುಕ್ಕು ಹಿಡಿದ ಬೀಗ ತೆಗೆಯುವವಳಂತೆ, ಕೊನೆಯವರೆಗೆ ತಿರುಗಿಸಿದಳು. ಹತ್ತು.

ಪೊರೆಯ ತುಣುಕು ಒಮ್ಮೆಗೇ ತಿಳಿಯದೆ ತಡಬಡಿಸಿತು. ಗುಲಾಬಿಯಾಯಿತು, ಕಂದಿತು, ಮತ್ತೆ ಗುಲಾಬಿಯಾಯಿತು. ಅವಳು ಕೈ ತೆಗೆಯಲಿಲ್ಲ. ತುಣುಕು ಮೆಲ್ಲಗೆ ಮುದುಡತೊಡಗಿತು. ಎಲ್ಲೋ ಕೆಳಗೆ ಒಂದು ವಾಲ್ವು ಧಡ್ ಎಂದು ಮುಚ್ಚಿತು, ಅದರ ಹಿಂದೆ ಇನ್ನೊಂದು.

“ಏ ಹುಲಿಗೆವ್ವ! ಇಳಸು ಅದನ್ನ!” ದೇಸಾಯಿಯವರ ಕೂಗು ಗೋಡೆಯ ಸ್ಪೀಕರಿನಿಂದ ಬಂತು.

ಪರಿವೀಕ್ಷಕಿ ಕೈಯೆತ್ತಿ ಅವರನ್ನು ತಡೆದಳು. ಅವಳ ಮಾತನ್ನು ಯಂತ್ರ ನಯವಾದ ಕನ್ನಡಕ್ಕೆ ತಿರುಗಿಸಿತು: “ಅಮ್ಮಾ, ನಿಮ್ಮ ಕೈ ತಪ್ಪಿರಬಹುದು. ತಮ್ಮನನ್ನು ಕಳೆದುಕೊಂಡ ದುಃಖದಲ್ಲಿದ್ದೀರಿ ಎಂದು ತಿಳಿಯಿತು. ಈಗ ಇಳಿಸಿದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ಹಿಂದಿನ ಅಂಕಿಗೆ ಬನ್ನಿ.”

ಗಾಜಿನಾಚೆ ಮೂವರೂ ಕಾದರು. ವಿಭಾ ನೆಲ ನೋಡುತ್ತಿದ್ದಳು. ಬಾಗಿಲ ಬಳಿ ಗಾಳೆಪ್ಪನೂ ಉಳಿದವರೂ ಬಂದು ನಿಂತಿದ್ದರು. ಹತ್ತು ಮನೆಗಳ ಒಲೆ ಅವಳ ಬಲಗೈ ಕೆಳಗಿತ್ತು. ಅವಳು ಅವರ ಮುಖ ನೋಡಿದಳು. ಯಾರೂ ಇಳಿಸು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಹುಲಿಗೆವ್ವ ಎಡಗೈಯನ್ನು ಮೇಲೆತ್ತಿದಳು. ಎಲ್ಲರ ಎದುರಿಗೆ, ಗಾಳೆಪ್ಪ ಮಾವನ ಎದುರಿಗೆ, ಸೆರಗಿನಿಂದ ಮೂಗು ಮುಚ್ಚಿದಳು.

“ನಾರ್ತೈತ್ರಿ,” ಎಂದಳು. “ಇಳಸೂದಿಲ್ಲ.”